ಪುಸ್ತಕದಂಗಡಿಗೆ ಅಂಚೆಯ ಆಸರೆ

ಮಾನ್ಯ ಸಂಪಾದಕರೇ,

ರಾಯಚೂರಿನ ಅಂಗಡಿಗಳಲ್ಲಿ ಪುಸ್ತಕ ತಿರುವಿ ನೋಡಿ, ಮುಖಪುಟದ ಫೋಟೊ ತೆಗೆದುಕೊಂಡು, ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರು ಹೆಚ್ಚಿದ್ದಾರೆ. ಓದುಗರನ್ನು ದೂರಿ ಫಲವಿಲ್ಲ. 400 ರೂಪಾಯಿಯ ಪುಸ್ತಕಕ್ಕೆ ಪ್ರಕಾಶಕರು ಶೇ 25 ರಿಯಾಯಿತಿ ಕೊಟ್ಟರೆ ಅಂಗಡಿಗೆ ಸಿಗುವುದು 100 ರೂಪಾಯಿ. ಬಾಡಿಗೆ, ಕರೆಂಟ್ ಬಿಲ್, ಪಾರ್ಸೆಲ್ ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು. ಅದೇ ಪುಸ್ತಕ ಆನ್‌ಲೈನ್‌ನಲ್ಲಿ 300ಕ್ಕೆ ಸಿಕ್ಕರೆ ಪೈಪೋಟಿ ಹೇಗೆ? ಆನ್‌ಲೈನ್‌ನವರಿಗೊಂದು, ಅಂಗಡಿಗೊಂದು ರಿಯಾಯಿತಿ ಕೊಡುವ ತಾರತಮ್ಯವನ್ನು ಪ್ರಕಾಶಕರು ಮೊದಲು ನಿಲ್ಲಿಸಲಿ.

ಅಂಗಡಿಯವರೂ ಅಂಚೆ ಮೂಲಕ ಮಾರಬಹುದು. 2024ರ ಡಿಸೆಂಬರ್‌ನಲ್ಲಿ ಅಂಚೆಯಲ್ಲಿ ಪುಸ್ತಕ ಕಳಿಸುವ ಅಗ್ಗದ 'ರಿಜಿಸ್ಟರ್ಡ್ ಬುಕ್ ಪೋಸ್ಟ್' ಸೇವೆ ನಿಂತಿದ್ದು ದೊಡ್ಡ ಪೆಟ್ಟೇ. ಆದರೆ 2025ರ ಮೇ 1ರಿಂದ ಪುಸ್ತಕ ಕಳಿಸಲೆಂದೇ ಅಂಚೆ ಇಲಾಖೆಯ 'ಜ್ಞಾನ ಪೋಸ್ಟ್' ಸೇವೆ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿಯಿಂದ ಶುರು, 5 ಕೆ.ಜಿ.ಗೆ 100, ತೆರಿಗೆ ಪ್ರತ್ಯೇಕ. ಕಟ್ಟು ಎಲ್ಲಿದೆ ಎಂದು ಮೊಬೈಲ್‌ನಲ್ಲೇ ನೋಡಬಹುದು. ನಿಯತಕಾಲಿಕೆ, ಜಾಹೀರಾತು ಇದರಲ್ಲಿ ಹೋಗುವುದಿಲ್ಲ; ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಲೇಬೇಕು. ಅಂಗಡಿಯ ಕರಪತ್ರ ಒಳಗಿಡದಿರುವುದು ಒಳ್ಳೆಯದು. ಮೊದಲು ಪ್ಲಾಸ್ಟಿಕ್ ಹೊದಿಕೆ, ಮೇಲೆ ಎರಡೂ ಬದಿ ಪುಸ್ತಕಕ್ಕಿಂತ ತುಸು ದೊಡ್ಡ ರಟ್ಟು ಇಟ್ಟು ಕಟ್ಟಿದರೆ ಮೂಲೆ ಮುದುಡುವುದಿಲ್ಲ, ಮಳೆಗೂ ನೆನೆಯುವುದಿಲ್ಲ.

ಮಾನ್ವಿ, ಸಿಂಧನೂರು, ಲಿಂಗಸುಗೂರಿನ ಅಂಚೆ ಕಚೇರಿಗಳಲ್ಲಿ ಈ ದರಪಟ್ಟಿಯನ್ನು ಕನ್ನಡದಲ್ಲಿ ಎದ್ದುಕಾಣುವಂತೆ ಹಾಕಬೇಕೆಂದು ಅಂಚೆ ಇಲಾಖೆಯನ್ನು ಕೋರುತ್ತೇವೆ.

– ಪುಸ್ತಕ ವ್ಯಾಪಾರಿಗಳು, ರಾಯಚೂರು