ಬಿಚ್ಚಿದ ಉಲ್ಲನ್ ಎಲ್ಲಿಗೂ ಹೋಗುವುದಿಲ್ಲ, ಪುಟ್ಟಿ

ಶಿವಮೊಗ್ಗ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಗು ಒದೆಯುವುದು ಜಾಸ್ತಿಯಾಗಿದೆ ಅಂತ ನಿನ್ನ ಅಮ್ಮ ಹೇಳಿದಳು. ಕೇಳಿ ಮನಸ್ಸು ತುಂಬಿತು. ಹೊತ್ತು ಹೊತ್ತಿಗೆ ಊಟ ಮಾಡು, ಕಾಲು ಬೆಚ್ಚಗಿಟ್ಟುಕೋ.

ಭಾನುವಾರ ಫೋನಿನಲ್ಲಿ ನೀನು, "ದೊಡ್ಡಮ್ಮ, ಮೂರು ಸಲ ಬಿಚ್ಚಿದೆ. ನನಗೆ ಕ್ರೋಶಾ ಬರಲ್ಲ ಬಿಡು. ಅಂಗಡಿಯಿಂದಲೇ ಒಂದು ಹೊದಿಕೆ ತರ್ತೀನಿ" ಅಂದೆಯಲ್ಲ, ಆಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕ್ರೋಶಾದ ಕೊಕ್ಕೆ ಕಡ್ಡಿ ಹಿಡಿದು ಕೂತಾಗ ಈ ಕಾಗದ ಪಕ್ಕದಲ್ಲಿರಲಿ.

ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕೆಳಗೆ ಅಗಲ, ಮೇಲೆ ಮೇಲೆ ಹೋದಂತೆ ಕಿರಿದು. ಹೊದಿಕೆ ಮೊರದ ಆಕಾರಕ್ಕೆ ಬಂದಿದೆ. ಮೊದಲ ಸಾಲಿನಲ್ಲಿ 90 ಹೊಲಿಗೆ ಇತ್ತು, 30ನೇ ಸಾಲಿನಲ್ಲಿ ಎಣಿಸಿದರೆ 61 ಅಂದೆ. ಪುಟ್ಟಿ, ನೀನು ಲೆಕ್ಕ ಓದಿದವಳು. 29 ಸಲ ತಿರುಗಿದ್ದೀಯ, 29 ಕಡಿಮೆಯಾಗಿದೆ. ಅಂದರೆ ತಿರುಗಿದಾಗಲೆಲ್ಲ ಒಂದೇ ಜಾಗದಲ್ಲಿ, ಒಂದೇ ತಪ್ಪು. ಕೈ ಬಾರದವರ ಕೆಲಸ ಹೀಗಿರುವುದಿಲ್ಲ. ಅವರದ್ದು ಒಂದು ಸಾಲಿನಲ್ಲಿ ಎರಡು ಹೆಚ್ಚಾಗುತ್ತದೆ, ಇನ್ನೊಂದರಲ್ಲಿ ಐದು ಕಡಿಮೆಯಾಗುತ್ತದೆ. ನಿನ್ನ ಕೈ ಒಂದೇ ಸಮನಾಗಿ ಓಡಿದೆ. ಯಾರೋ ನಿನಗೆ ಒಂದು ಮಾತು ಹೇಳುವುದನ್ನು ಬಿಟ್ಟಿದ್ದಾರೆ, ಅಷ್ಟೇ.

ಆ ಮಾತು ಇದು. ಸಾಲು ಮುಗಿದ ಮೇಲೆ ತಿರುಗಿಸಿಕೊಂಡು 3 ಚೈನ್, ಅಂದರೆ ಸರಪಳಿಯ ಹಾಗೆ ಮೂರು ಕುಣಿಕೆ, ಹಾಕುತ್ತೇವೆ. ಆ ಮೂರು ಚೈನೇ ಹೊಸ ಸಾಲಿನ ಮೊದಲ ಕಂಬ, ಅಂದರೆ ಮೊದಲ ಎತ್ತರದ ಹೊಲಿಗೆ. ಅದು ಸಣಕಲಾಗಿರುತ್ತದೆ, ಕಂಬದ ಹಾಗೆ ಕಾಣುವುದಿಲ್ಲ. ಹಾಗಾಗಿ ಮುಂದಿನ ಸಾಲಿನಲ್ಲಿ ವಾಪಸ್ ಬರುವಾಗ ಅದರ ತಲೆಯ ಮೇಲೆ ಕಂಬ ಹಾಕುವುದನ್ನು ಮರೆತು ತಿರುಗಿಬಿಡುತ್ತೇವೆ. ಅಲ್ಲಿ ಒಂದು ಹೋಯಿತು. 3 ಚೈನ್ ಹಾಕಿದ ತಕ್ಷಣ ಮೂರನೆಯದಕ್ಕೆ ಒಂದು ಪಿನ್ನು ಚುಚ್ಚಿಡು. ಸೀರೆಗೆ ಹಾಕುವ ಸೇಫ್ಟಿ ಪಿನ್ನೇ ಸಾಕು. ವಾಪಸ್ ಬಂದಾಗ ಪಿನ್ನು ಕಂಡರೆ, ಇನ್ನೂ ಒಂದು ಬಾಕಿ ಇದೆ ಅಂತ ಅರ್ಥ.

ಇನ್ನೊಂದು ವಿಷಯವೂ ಆಗಿದೆ. ಐರ್ಲೆಂಡಿನ ನಿನ್ನ ಕಾರ್ಕ್ ಊರಿನ ಅಂಗಡಿಯಲ್ಲಿ ಪುಸ್ತಕ ತಂದೆ, ಅರ್ಥವಾಗದ ಕಡೆ ವಿಡಿಯೋ ನೋಡಿದೆ ಅಂದೆಯಲ್ಲ. ನೀನಿರುವ ಕಡೆಯ ಪುಸ್ತಕದ ಭಾಷೆ ಬ್ರಿಟಿಷರದ್ದು. ವಿಡಿಯೋಗಳ ಭಾಷೆ ಹೆಚ್ಚಾಗಿ ಅಮೆರಿಕದ್ದು. ಅಮೆರಿಕದವರು ಸಿಂಗಲ್ ಅನ್ನುವ ಗಿಡ್ಡ ಹೊಲಿಗೆಗೆ ಬ್ರಿಟಿಷರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಇವರಿಗೆ ಟ್ರೆಬಲ್. ಹೆಸರು ಒಂದೇ, ಎತ್ತರ ಬೇರೆ. ಪುಸ್ತಕ ಗಿಡ್ಡ ಹೊಲಿಗೆಗೆ ಹೇಳಿದ ಲೆಕ್ಕದಲ್ಲಿ ನೀನು ಎತ್ತರದ ಕಂಬ ಹಾಕಿದ್ದೀಯ. ನೀನು ಮೊದಲ ಎರಡು ಸಲ ಒಂದೇ ಚೈನಿಗೆ ತಿರುಗಿಸಿ ಅಂಚು ಮುದುಡಿಕೊಂಡಿದ್ದು ಅದಕ್ಕೇ. ಯಾವ ಮಾದರಿ ಹಿಡಿದರೂ ಇದು ಯಾವ ದೇಶದ ಮಾತು ಅಂತ ಮೊದಲು ನೋಡು. ಮೊದಲ ಪುಟದಲ್ಲೋ ಕೊನೆಯ ಪುಟದಲ್ಲೋ ಬರೆದಿರುತ್ತಾರೆ. ಎಲ್ಲೋ ಸಿಂಗಲ್ ಅನ್ನುವ ಪದ ಕಂಡರೆ ಅಮೆರಿಕದ್ದೇ. ಬ್ರಿಟಿಷರಲ್ಲಿ ಆ ಪದವನ್ನು ಈಗ ಬಳಸುವುದೇ ಅಪರೂಪ.

ನಾನು ನನ್ನ ಅಮ್ಮನ ಹತ್ತಿರ, ಅಂದರೆ ನಿನ್ನ ಅಜ್ಜಿಯ ಹತ್ತಿರ ಕಲಿತದ್ದು ಬರೀ ನೂಲಿನ ಕ್ರೋಶಾ. ಬಾಗಿಲಿಗೆ ತೋರಣ, ರೇಡಿಯೋ ಮೇಲಿನ ಬಟ್ಟೆ, ನೀರಿನ ಚೊಂಬಿಗೆ ಸುತ್ತಲೂ ಮಣಿ ಪೋಣಿಸಿದ ಮುಚ್ಚಳ. ಹೊದಿಕೆ ಮಾಡಬಹುದು ಅಂತ ನನಗೆ ತೋಚಿಯೇ ಇರಲಿಲ್ಲ. ಅದನ್ನು ಕಲಿತದ್ದು ನಿನ್ನ ಅಕ್ಕನ ಬಾಣಂತನಕ್ಕೆ ಅಮೆರಿಕಕ್ಕೆ ಹೋದಾಗ. 2000ದ ಡಿಸೆಂಬರ್, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರು. ಕೆರೆ ಹೆಪ್ಪುಗಟ್ಟಿ ಜನ ಅದರ ಮೇಲೆ ನಡೆಯುತ್ತಿದ್ದರು. ಮಗು ಮಲಗಿದರೆ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ. ಪಕ್ಕದ ಮನೆಯ ಅಜ್ಜಿ ಒಂದು ದಿನ ಮಗು ನೋಡಲು ಬಂದವರು ನಾನು ನೂಲಿನಲ್ಲಿ ಲೇಸು ಹಾಕುತ್ತಿದ್ದುದನ್ನು ಕಂಡರು. ಮರುದಿನ ಒಂದು ಚೀಲ ಉಲ್ಲನ್, ಒಂದು ದಪ್ಪ ಕಡ್ಡಿ ತಂದರು. "ಆಫ್ಘನ್" ಅಂದರು. ನಾನು ಕಾಬೂಲಿನ ವಿಷಯ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲಿ ಸೋಫಾ ಮೇಲೆ ಹಾಕುವ ಉಲ್ಲನ್ ಹೊದಿಕೆಗೇ ಆ ಹೆಸರು. ಆಫ್ಘನ್ ಜನರ ಬಣ್ಣಬಣ್ಣದ ನೇಯ್ಗೆ ನೋಡಿ ಇಟ್ಟ ಹೆಸರಂತೆ.

ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೇ. ಅವರು ಕೈಯಲ್ಲೇ ಹೇಳಿಕೊಟ್ಟರು. ಒಂದು ಸಂಜೆ ನನ್ನ ಹೊದಿಕೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡು ಅಂಚಿನ ಉದ್ದಕ್ಕೂ ಬೆರಳು ಓಡಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಅದರ ಮೇಲೆ ನಾನು ಹಾಕಿದ್ದು 11 ಸಾಲು. ನನ್ನ ಮುಖ ನೋಡಿದರು. ಆಮೇಲೆ ಕಡ್ಡಿ ತೆಗೆದು ದಾರ ಹಿಡಿದು ಎಳೆದರು. ಸರ ಸರ ಸರ ಅಂತ ಅಷ್ಟೂ ಬಿಚ್ಚಿಕೊಂಡು ಅವರ ಮಡಿಲಿನಲ್ಲಿ ಶ್ಯಾವಿಗೆಯ ಹಾಗೆ ಗುಂಗುರು ಗುಂಗುರಾಗಿ ಬಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ನಾಲ್ಕು ದಿನದ ಕೆಲಸ ಅದು. ಅವರು ಆ ದಾರವನ್ನೇ ಉಂಡೆ ಸುತ್ತಿ ನನ್ನ ಕೈಗಿಟ್ಟು, ಮತ್ತೆ ಹಾಕು ಅಂತ ಸನ್ನೆ ಮಾಡಿದರು. ಆ 11 ಸಾಲು ಎರಡೇ ದಿನದಲ್ಲಿ ಮುಗಿಯಿತು. ಮೊದಲಿಗಿಂತ ಚೆನ್ನಾಗಿಯೂ ಬಂತು.

ನಿನಗೆ ಹೇಳಬೇಕಾದದ್ದು ಇದೇ ಪುಟ್ಟಿ. ಮೂರು ಸಲ ಬಿಚ್ಚಿದೆ ಅಂತ ನೀನು ನಾಚಿಕೊಂಡು ಹೇಳಿದೆ. ನಾನು ಅದನ್ನು ಕೇಳಿ ಸಮಾಧಾನಪಟ್ಟೆ. ತಪ್ಪು ಕಂಡೂ ಕಾಣದ ಹಾಗೆ ಮುಂದೆ ಹಾಕಿಕೊಂಡು ಹೋಗುವವರ ಹೊದಿಕೆ ಅರ್ಧದಲ್ಲೇ ಅಟ್ಟ ಸೇರುತ್ತದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ನೂರು ಕುಣಿಕೆ ಒಟ್ಟಿಗೆ ಕಡ್ಡಿಯ ಮೇಲೆ ಬಾಯಿ ತೆರೆದು ಕೂತಿರುತ್ತವೆ. ಒಂದು ಜಾರಿದರೆ ಕೆಳಗಿನ ತನಕ ಹೋಗುತ್ತದೆ. ಕ್ರೋಶಾದಲ್ಲಿ ಯಾವಾಗಲೂ ತೆರೆದಿರುವುದು ಒಂದೇ ಕುಣಿಕೆ. ಎಲ್ಲಿ ಬೇಕೋ ಅಲ್ಲಿಯವರೆಗೆ ಬಿಚ್ಚಿ, ಆ ಒಂದು ಕುಣಿಕೆಗೆ ಕಡ್ಡಿ ಹಾಕಿದರೆ ಮತ್ತೆ ಶುರು. ಇಷ್ಟು ಧಾರಾಳವಾಗಿ ತಿದ್ದಿಕೊಳ್ಳಲು ಬಿಡುವ ಕೆಲಸ ಅಡುಗೆಮನೆಯಲ್ಲೂ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ತೆಗೆಯಲಾಗುತ್ತದಾ?

ಈಗ ಮಗುವಿನ ಹೊದಿಕೆಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ಮೊರವನ್ನು ಪೂರ್ತಿ ಬಿಚ್ಚು. ಅದೇ ಉಲ್ಲನ್ ಸಾಕು. ಅರಾನ್ ಅನ್ನುವ ನಡುದಪ್ಪದ್ದು ತಾನೇ? 5 ಮಿ.ಮೀ. ಕಡ್ಡಿ ತೆಗೆದುಕೋ. ಈ ಸಲ ಎತ್ತರದ ಕಂಬ ಬೇಡ, ಗಿಡ್ಡದ್ದಕ್ಕೂ ಎತ್ತರದ್ದಕ್ಕೂ ನಡುವಿನದ್ದು, ನಿನ್ನ ಪುಸ್ತಕ ಹಾಫ್ ಟ್ರೆಬಲ್ ಅನ್ನುವುದನ್ನು ಹಾಕು. ಅದು ಒತ್ತಾಗಿ ಬರುತ್ತದೆ. ಮಗುವಿನ ಹೊದಿಕೆಯಲ್ಲಿ ದೊಡ್ಡ ತೂತು ಇರಬಾರದು, ಎಳೇ ಬೆರಳು ಸಿಕ್ಕಿಕೊಳ್ಳುತ್ತದೆ. ಕುಚ್ಚು, ಮಣಿ ಒಂದೂ ಬೇಡ. ಮೊದಲು ಅಂಗೈಗಿಂತ ಸ್ವಲ್ಪ ದೊಡ್ಡ ತುಂಡು ಹಾಕಿ 10 ಸೆಂ.ಮೀ.ಗೆ ಎಷ್ಟು ಬರುತ್ತದೆ ಎಣಿಸು. 13 ಬಂದರೆ 75 ಸೆಂ.ಮೀ. ಅಗಲಕ್ಕೆ 98 ಬೇಕಾಗುತ್ತದೆ. ಅಡಿಯ ಚೈನ್ ಬಿಗಿಯಾಗುವುದು ಎಲ್ಲರ ಕಷ್ಟ. ಅದಕ್ಕೆ ಮಾತ್ರ 5.5ರ ಕಡ್ಡಿ ಬಳಸು, ಆಮೇಲೆ 5ಕ್ಕೆ ಬಾ. ಹಾಫ್ ಟ್ರೆಬಲ್‌ಗೆ 2 ಚೈನ್ ಹಾಕಿ ತಿರುಗಬೇಕು. ಅದನ್ನು ಒಂದು ಅಂತ ಎಣಿಸುತ್ತಾರೋ ಇಲ್ಲವೋ ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಎರಡರಲ್ಲಿ ಒಂದನ್ನು ಹಿಡಿದು ಕೊನೆವರೆಗೂ ಹಾಗೇ ಮಾಡು. ಮೊದಲ ಹತ್ತು ಸಾಲು ಪ್ರತಿ ಸಾಲನ್ನೂ ಎಣಿಸು. ಬೇಜಾರಾದರೂ ಎಣಿಸು. ಆಮೇಲೆ ಕಣ್ಣಿಗೇ ಗೊತ್ತಾಗುತ್ತದೆ.

ಉಲ್ಲನ್ ಇನ್ನೂ ಬೇಕಾದರೆ ಈಗಲೇ ತಂದುಬಿಡು. ಸುತ್ತಿದ ಕಾಗದದ ಮೇಲೆ ಬಣ್ಣದ ನಂಬರ್ ಪಕ್ಕದಲ್ಲಿ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್, ಇರುತ್ತದೆ. ಅದು ಒಂದೇ ಇರಬೇಕು. ಬೇರೆ ಲಾಟಿನ ಅದೇ ಹಳದಿ ಅಂಗಡಿಯ ದೀಪದಲ್ಲಿ ಒಂದೇ ಥರ ಕಾಣುತ್ತದೆ, ಹಗಲಿನ ಬೆಳಕಿಗೆ ಬಂದರೆ ಪಟ್ಟೆ ಹೊಡೆದ ಹಾಗೆ ಎದ್ದು ಕಾಣುತ್ತದೆ.

ಒಂದು ಮಾತು ಮರೆಯಬೇಡ. ವರ್ಷ ತುಂಬುವ ತನಕ ಮಗು ಮಲಗುವ ತೊಟ್ಟಿಲಿನಲ್ಲಿ ಸಡಿಲವಾದ ಹೊದಿಕೆ ಬೇಡ ಅಂತ ಅಮೆರಿಕದ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ನಮ್ಮ ಕಾಲದಲ್ಲಿ ನಾವು ಸುತ್ತಿ ಸುತ್ತಿ ಮಲಗಿಸಿದೆವು, ನಿಜ. ಆದರೆ ತಿಳಿದವರು ಹೇಳಿದ ಮೇಲೆ ಕೇಳಬೇಕು. ನಿನ್ನ ನರ್ಸ್ ಹತ್ತಿರವೂ ಕೇಳು. ತೊಡೆಯ ಮೇಲೆ ಎತ್ತಿಕೊಂಡಾಗ, ನೆಲದ ಮೇಲೆ ಹಾಸಿ ಆಡಿಸುವಾಗ, ನೀನು ಎದುರಿಗಿರುವಾಗ ಹೊದಿಸು.

ಆಫ್ಘನ್ ಅಂದರೆ ಎಲ್ಲರ ಕಣ್ಣಿಗೂ ಬರುವ ಆ ಬಣ್ಣಬಣ್ಣದ ಚೌಕಗಳು, ಗ್ರಾನಿ ಸ್ಕ್ವೇರ್, ಅದನ್ನು ಬಾಣಂತನ ಮುಗಿದ ಮೇಲೆ ನಿನ್ನ ಸೋಫಾಗೆ ಮಾಡಿಕೋ. ನನಗೆ ತುಂಬಾ ಇಷ್ಟವಾದದ್ದು ಅದೇ. ಹಾವೇರಿ ಕಡೆಯ ನಿನ್ನ ಮುತ್ತಜ್ಜಿ ಹಳೇ ಸೀರೆ, ಧೋತರ ಎಲ್ಲ ಸೇರಿಸಿ ಕೌದಿ ಹೊಲಿಯುತ್ತಿದ್ದರು. ಯಾವ ತುಂಡು ಯಾರ ಸೀರೆ ಅಂತ ಬೆರಳಿಟ್ಟು ಹೇಳುತ್ತಿದ್ದರು. ಚೌಕದ ಹೊದಿಕೆಯೂ ಹಾಗೇ, ಉಳಿದ ಉಲ್ಲನ್ ಎಲ್ಲಾ ಅದರಲ್ಲಿ ಸೇರುತ್ತದೆ. ನಡುವೆ ಒಂದು ಉಂಗುರ, ಅದರೊಳಗೆ ಮೂರು ಮೂರು ಕಂಬದ ನಾಲ್ಕು ಗುಂಪು, ಮೂಲೆಗೆ ಎರಡೆರಡು ಚೈನ್. ಸುತ್ತಿನಿಂದ ಸುತ್ತಿಗೆ ಪ್ರತಿ ಬದಿಗೂ ಒಂದು ಗುಂಪು ಹೆಚ್ಚುತ್ತದೆ. ಅಷ್ಟೇ ವಿದ್ಯೆ.

ಇದರಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. 5 ಇಂಚಿನ 120 ಚೌಕ ಮಾಡಿದೆ. ಒಂದೊಂದಕ್ಕೂ 4 ಬಣ್ಣ. ದಾರದ ತುದಿಗಳನ್ನು ಕೊನೆಯಲ್ಲಿ ಒಟ್ಟಿಗೆ ಸೇರಿಸಿದರಾಯಿತು ಅಂತ ಬಿಟ್ಟೆ. ಒಂದು ಬಣ್ಣಕ್ಕೆ ಎರಡು ತುದಿ, ಒಂದು ಚೌಕಕ್ಕೆ 8, ಒಟ್ಟು 960 ತುದಿ! ಊರಿಗೆ ವಾಪಸ್ ಬಂದು ಆ ಬೇಸಿಗೆ ಪೂರ್ತಿ ಸೂಜಿ ಹಿಡಿದು ಕೂತೆ. ಬೇಸತ್ತು ಕೆಲವನ್ನು ಗಿಡ್ಡವಾಗಿ ಕತ್ತರಿಸಿದೆ. ಮೊದಲ ಒಗೆತಕ್ಕೇ ಬಿಚ್ಚಿಕೊಂಡವು. ತುದಿ ಒಂದು ಗೇಣಿನಷ್ಟು ಬಿಡು. ಆಯಾ ಚೌಕ ಮುಗಿದಾಗಲೇ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಸೂಜಿಯಲ್ಲಿ ಓಡಿಸಿ ಕತ್ತರಿಸು. ಇನ್ನೊಂದು, ಅಕ್ರಿಲಿಕ್ ಉಲ್ಲನ್‌ಗೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡ. ನಾನು ಮೂಲೆ ನೆಟ್ಟಗಾಗಲಿ ಅಂತ ಒತ್ತಿದೆ. ಆ ಎರಡು ಚೌಕ ಇವತ್ತಿಗೂ ಹೊಳೆಯುತ್ತಾ, ಜೀವ ಹೋದ ಹಾಗೆ ಜೋತಾಡುತ್ತವೆ.

ಒಬ್ಬಳೇ ಕೂತು ಮಾಡಬೇಡ. ಆ ಮ್ಯಾಡಿಸನ್ ಅಜ್ಜಿ ಹೊದಿಕೆಯನ್ನು ಪೂರ್ತಿ ಮಾಡುತ್ತಲೇ ಇರಲಿಲ್ಲ. 7 ಇಂಚು ಅಗಲ, 9 ಇಂಚು ಉದ್ದದ ತುಂಡು ಮಾಡಿ ಮಾಡಿ ಕೊಡುತ್ತಿದ್ದರು. ಅದೇ ರಾಜ್ಯದಲ್ಲಿ ಉಲ್ಲನ್ ಅಂಗಡಿ ಇಟ್ಟಿದ್ದ ಇವಿ ರೋಸನ್ ಅನ್ನುವವರು 1991ರಲ್ಲಿ ಶುರು ಮಾಡಿದ ‘ವಾರ್ಮ್ ಅಪ್ ಅಮೆರಿಕ’ದ ಕೆಲಸ ಅದು. ಯಾರು ಯಾರೋ ಮಾಡಿದ 49 ತುಂಡು ಸೇರಿದರೆ ಒಂದು ಹೊದಿಕೆ. ಮನೆಯಿಲ್ಲದವರಿಗೆ, ಕಷ್ಟದಲ್ಲಿರುವವರಿಗೆ ಅದು ಹೋಗುತ್ತಿತ್ತು. ಚೆನ್ನೈಯಲ್ಲೂ 2016ರ ಜನವರಿಯಲ್ಲಿ ಹೆಂಗಸರು ಸೇರಿ 11,148 ಚದರ ಮೀಟರಿನ ಕ್ರೋಶಾ ಹೊದಿಕೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ನೀನಿರುವ ಕಾರ್ಕ್ ಈ ವಿದ್ಯೆಗೆ ಹೊಸ ಊರಲ್ಲ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂದಾಗ ಅಲ್ಲಿನ ಬ್ಲ್ಯಾಕ್‌ರಾಕ್‌ನ ಅರ್ಸುಲಿನ್ ಕಾನ್ವೆಂಟಿನ ಸನ್ಯಾಸಿನಿಯರು ಹೆಂಗಸರಿಗೆ ಕ್ರೋಶಾ ಕಲಿಸಿದರು. ಒಬ್ಬಳು ಹೂವು, ಇನ್ನೊಬ್ಬಳು ಎಲೆ, ಮತ್ತೊಬ್ಬಳು ಜೋಡಿಸುವವಳು. ಆ ಲೇಸು ಮಾರಿ ಮಕ್ಕಳ ಹೊಟ್ಟೆ ತುಂಬಿಸಿದರು. ಆ ಊರಿನ ಅಜ್ಜಿಯರಲ್ಲಿ ಕಡ್ಡಿ ಹಿಡಿಯುವವರು ಖಂಡಿತ ಇದ್ದಾರೆ. ಲೈಬ್ರರಿಯಲ್ಲಿ ವಿಚಾರಿಸು. ಭಾಷೆಯ ಬಗ್ಗೆ ಸಂಕೋಚ ಬೇಡ, ಕೈ ನೋಡಿದರೆ ಸಾಕು.

ಅರ್ಧ ಗಂಟೆಗೊಮ್ಮೆ ಎದ್ದು ಓಡಾಡು. ಬಸುರಿಯಲ್ಲಿ ಮಣಿಕಟ್ಟು ಊದಿಕೊಂಡು ಬೆರಳು ಜೋಮು ಹಿಡಿಯುವುದುಂಟು. ಹಾಗಾದರೆ ಹಟ ಮಾಡದೆ ಕಡ್ಡಿ ಕೆಳಗಿಡು, ಡಾಕ್ಟರಿಗೆ ಹೇಳು. ಮಗು ಬರುವುದರೊಳಗೆ ಹೊದಿಕೆ ಮುಗಿಯದಿದ್ದರೆ ಬಂದ ಮೇಲೆ ಮುಗಿಯುತ್ತದೆ. ಅದಕ್ಕೇನು ಅವಸರ.

ನಿನ್ನ ಅಮ್ಮ ಡಿಸೆಂಬರಿನಲ್ಲಿ ಬರುವಾಗ ಮೆಂತ್ಯದ ಹಿಟ್ಟು, ಅಂಟಿನುಂಡೆ ಎಲ್ಲಾ ತರುತ್ತಾಳೆ. ಅವಳ ಬ್ಯಾಗಿನಲ್ಲಿ ನನ್ನ ಅಮ್ಮನ ಸ್ಟೀಲ್ ಕಡ್ಡಿಯನ್ನೂ ಹಳೇ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಹೆಬ್ಬೆರಳು ಕೂರುವ ಜಾಗ ಸವೆದು ನುಣುಪಾಗಿದೆ, ನೋಡು. ಉಲ್ಲನ್‌ಗೆ ಅದು ಆಗುವುದಿಲ್ಲ, ತೀರಾ ಸಣ್ಣದು. ಮಗುವಿನ ಕುಲಾವಿ ಅಂಚಿಗೆ ಬಿಳಿ ನೂಲಿನಲ್ಲಿ ಒಂದು ಸುತ್ತು ಹಾಕಲು ಸರಿಹೋಗುತ್ತದೆ.

ಹತ್ತು ಸಾಲು ಆದ ಮೇಲೆ ಫೋಟೋ ಕಳಿಸು. ಅಂಚು ಕಾಣುವ ಹಾಗೆ ತೆಗೆ, ಪಿನ್ನೂ ಕಾಣಲಿ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ