ಮಗಳಿಗೊಂದು ಪತ್ರ: ಆಲೂಗಡ್ಡೆಯ ನಾಡಿನಿಂದ

ಕುಸ್ಕೊ, ಪೆರು
ಜೂನ್ ತಿಂಗಳು

ಪ್ರೀತಿಯ ಪುಟ್ಟಿ,

ಇಂಕಾ ರಾಜರ ಕಾಲದಲ್ಲಿ ಬೆಟ್ಟದ ಮೇಲೆ ಕಟ್ಟಿದ ಮಾಚು ಪಿಚುವಿನ ಫೋಟೊ ಕಳಿಸಿದಾಗ ನೀನು ಒಂದು ಪ್ರಶ್ನೆ ಕೇಳಿದ್ದೆ. "ಇಷ್ಟೆಲ್ಲ ಕಟ್ಟಿದ ಜನ ಆಮೇಲೆ ಏನಾದ್ರಮ್ಮ?" ಅಂತ. ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದು ಮುಗಿಸುವ ಪ್ರಶ್ನೆ ಅಲ್ಲ ಅದು. ಇವತ್ತು ಮಧ್ಯಾಹ್ನ ಬಿಡುವಾಗಿದೆ. ನಿಮ್ಮಪ್ಪನೂ ನಿನ್ನ ತಮ್ಮನೂ ಮಲಗಿದ್ದಾರೆ. ಈ ಊರು ಇರುವುದೇ 3,400 ಮೀಟರ್ ಎತ್ತರದಲ್ಲಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಗೆಸ್ಟ್‌ಹೌಸಿನ ಅಂಗಳದಲ್ಲಿ ಒಳ್ಳೆ ಬಿಸಿಲಿದೆ. ಕೋಕಾ ಎಲೆ ಹಾಕಿದ ಬಿಸಿನೀರು ಮುಂದಿಟ್ಟುಕೊಂಡು ಕೂತಿದ್ದೇನೆ. (ಈ ಎಲೆ ಇಲ್ಲಿ ಸಂತೆಯಲ್ಲೇ ಸಿಗುತ್ತದೆ. ತಲೆಸುತ್ತು ಬಂದರೆ ಎಲ್ಲರೂ ಕುಡಿಯುವುದು ಇದನ್ನೇ. ನಿನಗೆ ತರುವುದಿಲ್ಲ. ನಮ್ಮಲ್ಲಿ ನಿಷೇಧ ಇದೆ.)

ಲಿಮಾದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಮುದ್ರದ ಪಕ್ಕದ ಊರು, ಆದರೂ ಮಳೆಯೇ ಬರುವುದಿಲ್ಲ ಅನ್ನಬೇಕು. ಈ ತಿಂಗಳಲ್ಲಿ ದಿನವಿಡೀ ಬೂದು ಮಂಜು. ನನಗೆ ಊರು ಹಿಡಿಸಲಿಲ್ಲ, ಊಟ ಹಿಡಿಸಿತು. ಸೆವಿಚೆ ಅಂತ ಮಾಡುತ್ತಾರೆ. ಹಸಿ ಮೀನಿನ ತುಂಡುಗಳಿಗೆ ನಿಂಬೆರಸ, ಉಪ್ಪು, ಹಸಿಮೆಣಸು, ಈರುಳ್ಳಿ ಬೆರೆಸುವುದು, ಅಷ್ಟೇ. ಒಲೆಯ ಮಾತೇ ಇಲ್ಲ. ಹುಳಿಗೇ ಮೀನು ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಬಂದ ಮೀನನ್ನು ಮಧ್ಯಾಹ್ನವೇ ತಿನ್ನಬೇಕು ಅನ್ನುವ ರೂಢಿ, ರಾತ್ರಿಗೆ ಕೇಳಿದರೆ ಹಳಬರು ಮುಖ ಸಿಂಡರಿಸುತ್ತಾರೆ. ನಿನ್ನ ತಮ್ಮ ಎರಡು ತಟ್ಟೆ ಖಾಲಿ ಮಾಡಿದ. ಪಕ್ಕದಲ್ಲಿಟ್ಟಿದ್ದ ಬೇಯಿಸಿದ ಗೆಣಸು, ದಪ್ಪ ಕಾಳಿನ ಮುಸುಕಿನ ಜೋಳ ನನ್ನ ಪಾಲಿಗೆ ಬಂತು. ಮಿಕ್ಕ ದಿನ ನನ್ನನ್ನು ಕಾಪಾಡಿದ್ದು ಚೀಫಾಗಳು, ಅಂದರೆ ಇಲ್ಲಿನ ಚೀನೀ ಹೋಟೆಲುಗಳು. 1849ರಿಂದ ಚೀನಾದ ಕೂಲಿಗಳನ್ನು ಕರಾರು ಬರೆಸಿಕೊಂಡು ಇಲ್ಲಿನ ಕಬ್ಬಿನ ತೋಟಗಳಿಗೆ ತಂದರು. ಅವರ ಬಾಣಲೆ, ಸೋಯಾ ಸಾಸು ಎರಡೂ ಪೆರುವಿನ ಅಡುಗೆಮನೆಗೆ ಬಂದು ಅಲ್ಲೇ ಉಳಿದವು. ಲೋಮೊ ಸಲ್ತಾದೊ ಅಂತ ಈ ದೇಶದವರು ಹೆಮ್ಮೆಯಿಂದ ಬಡಿಸುವ ಮಾಂಸದ ಅಡುಗೆ ಅದೇ ಬಾಣಲೆಯದು. ಒಂದೇ ತಟ್ಟೆಯಲ್ಲಿ ಅನ್ನವೂ ಇರುತ್ತದೆ, ಕರಿದ ಆಲೂಗಡ್ಡೆಯೂ ಇರುತ್ತದೆ!

ಲಿಮಾದಲ್ಲೇ ಮಿರಾಫ್ಲೋರೆಸ್ ಅನ್ನುವ ಬಡಾವಣೆಯಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ, ಹಸಿ ಇಟ್ಟಿಗೆಯ ದೊಡ್ಡ ದಿಬ್ಬ ಒಂದಿದೆ. ವಾಕಾ ಪುಕ್ಯಾನಾ ಅಂತ. ಇಟ್ಟಿಗೆಗಳನ್ನು ಮಲಗಿಸಿಲ್ಲ, ನಿಲ್ಲಿಸಿ ಜೋಡಿಸಿದ್ದಾರೆ. ನಡುವೆ ಸಂದು ಬಿಟ್ಟಿದ್ದಾರೆ, ಭೂಮಿ ನಡುಗಿದರೆ ಅಲುಗಾಡಲು ಜಾಗ ಇರಲಿ ಅಂತ. ಇಂಕಾಗಳು ಬರುವ ಎಷ್ಟೋ ನೂರು ವರ್ಷ ಮೊದಲೇ ಅದನ್ನು ಕಟ್ಟಿದ್ದರು. ಪೆರು ಅಂದರೆ ಇಂಕಾ ಅಂದುಕೊಳ್ಳುತ್ತೇವೆ. ಆದರೆ ಅವರ ಸಾಮ್ರಾಜ್ಯ ಬಾಳಿದ್ದು ಹೆಚ್ಚು ಕಡಿಮೆ ನೂರು ವರ್ಷ. ಅವರಿಗಿಂತ ಮೊದಲು ಇಲ್ಲಿ ಎಷ್ಟೋ ಜನ ಊರು ಕಟ್ಟಿದ್ದರು, ಬೇಸಾಯ ಮಾಡಿದ್ದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ರಾಜರ ಕಥೆ ನಿನಗೆ ಸ್ವಲ್ಪ ಗೊತ್ತು. 1532ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಪಿಜಾರೊ 168 ಜನರನ್ನು ಕಟ್ಟಿಕೊಂಡು ಕಾಹಾಮಾರ್ಕಾ ಊರಿಗೆ ಬಂದು, ಸಾವಿರಾರು ಸೈನಿಕರಿದ್ದ ಇಂಕಾ ದೊರೆ ಅತವಾಲ್ಪನನ್ನು ಸೆರೆ ಹಿಡಿದ. ಸ್ಪೇನಿನವರ ಶೌರ್ಯ ಅಂತ ತುಂಬ ಬರೆದಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವರು ಬರುವ ಹೊತ್ತಿಗೆ ಅಣ್ಣತಮ್ಮಂದಿರು ಸಿಂಹಾಸನಕ್ಕೆ ಹೊಡೆದಾಡಿ ದೇಶ ಎರಡು ಹೋಳಾಗಿತ್ತು. ಇಂಕಾಗಳು ಗೆದ್ದು ಆಳುತ್ತಿದ್ದ ಎಷ್ಟೋ ಬುಡಕಟ್ಟುಗಳು ಸ್ಪೇನಿನವರ ಕಡೆ ಸೇರಿಕೊಂಡವು. ಕಡಲಾಚೆಯಿಂದ ಬಂದ ಸಿಡುಬು ಹಳ್ಳಿಹಳ್ಳಿಗಳನ್ನೇ ಬರಿದು ಮಾಡಿತು. ಬಿಡುಗಡೆಗಾಗಿ ಒಂದು ಕೋಣೆ ತುಂಬ ಚಿನ್ನ ಕೊಡಿಸಿದರೂ ಅತವಾಲ್ಪನನ್ನು 1533ರಲ್ಲಿ ಕೊಂದರು. ಈ ಊರಿನ ಕೊರಿಕಾಂಚಾ ದೇವಸ್ಥಾನದ ಗೋಡೆಗಳಿಗೆ ಹೊದಿಸಿದ್ದ ಚಿನ್ನದ ತಗಡನ್ನೂ ಕಿತ್ತು ಕರಗಿಸಿದರು. ಅದೇ ಗೋಡೆಗಳ ಮೇಲೆ ಚರ್ಚು ಕಟ್ಟಿದರು. 1950ರ ಭೂಕಂಪದಲ್ಲಿ ಚರ್ಚು ಬಿರುಕು ಬಿಟ್ಟು ಬಿತ್ತು, ಕೆಳಗಿನ ಇಂಕಾ ಗೋಡೆ ಹಾಗೇ ನಿಂತಿತ್ತು. ಕೈ ಆಡಿಸಿ ನೋಡಿದೆ. ಗಾರೆ ಇಲ್ಲ, ಎರಡು ಕಲ್ಲುಗಳ ನಡುವೆ ಉಗುರು ಕೂಡ ಹೋಗುವುದಿಲ್ಲ.

ಕೊನೆಯ ಇಂಕಾ ದೊರೆ ತೂಪಾಕ್ ಅಮಾರು. ಆತನ ತಲೆ ಕಡಿದದ್ದು 1572ರಲ್ಲಿ, ಇಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಚೌಕದಲ್ಲಿ. ಇನ್ನೂರು ವರ್ಷ ಆದಮೇಲೆ ಅದೇ ಹೆಸರು ಇಟ್ಟುಕೊಂಡು ಇನ್ನೊಬ್ಬ ದಂಗೆ ಎದ್ದ. ಅವನ ಹೆಂಡತಿ ಮಿಕಾಯೆಲಾ ಬಾಸ್ತಿದಾಸ್ ದಂಡಿಗೆ ಬೇಕಾದ ಊಟ, ಹಣ, ಆಯುಧ ಹೊಂದಿಸುತ್ತಿದ್ದವಳು. 1781ರ ಮೇ 18ರಂದು ಇಬ್ಬರನ್ನೂ ಅದೇ ಚೌಕದಲ್ಲಿ ಕೊಂದರು. ಆಮೇಲೆ ಏನು ಮಾಡಿದರು ಗೊತ್ತಾ? ಇಂಕಾ ಉಡುಪು ತೊಡಬಾರದು, ಇಂಕಾ ರಾಜರ ಚಿತ್ರ ಇಟ್ಟುಕೊಳ್ಳಬಾರದು, ಇಲ್ಲಿನ ಬೆಟ್ಟದ ಜನರ ಕೆಚುವಾ ಭಾಷೆಯಲ್ಲಿ ನಾಟಕ ಆಡಬಾರದು ಅಂತ ಆಜ್ಞೆ ಹೊರಡಿಸಿದರು. ಜನ ಇಲ್ಲವಾಗಿದ್ದರೆ ಇಷ್ಟೊಂದು ಕಟ್ಟಳೆ ಯಾರಿಗೆ ಬೇಕಿತ್ತು, ಹೇಳು?

ಇಂಕಾ ಅಂದರೆ ಆಳುವ ಮನೆತನ ಮಾತ್ರ. ಬೆಟ್ಟ ಕಡಿದು ಮೆಟ್ಟಿಲು ಹೊಲ ಮಾಡಿದವರು, ಕಲ್ಲು ಎಳೆದವರು, ಸುಗ್ಗಿ ಮಾಡಿದವರು ಬೇರೆ. ಅವರು ಎಲ್ಲಿಗೂ ಹೋಗಿಲ್ಲ. 2017ರ ಜನಗಣತಿಯಲ್ಲಿ 37 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯ್ನುಡಿ ಕೆಚುವಾ ಅಂತ ಬರೆಸಿದ್ದಾರೆ. ಅವರಲ್ಲಿ ಕೆಲವರ ಹೊಲದಲ್ಲಿ ಮೊನ್ನೆ ನಾವು ಊಟ ಮಾಡಿ ಬಂದೆವು. ಅದನ್ನು ನಿನಗೆ ಹೇಳಲೇಬೇಕು.

ಪಿಸಾಕ್ ಊರಿನ ಮೇಲಿನ ಬೆಟ್ಟದಲ್ಲಿ ಆಲೂಗಡ್ಡೆ ಪಾರ್ಕ್ ಅಂತ ಇದೆ. ಹೆಸರಿಗೆ ಪಾರ್ಕ್, ನೋಡಿದರೆ ಎಲ್ಲ ಹೊಲ. ಕೆಚುವಾ ಮಾತಾಡುವ ಕೆಲವು ಹಳ್ಳಿಗಳು ಸೇರಿ ಅಲ್ಲಿ ಸಾವಿರಕ್ಕೂ ಹೆಚ್ಚು ತಳಿಯ ಆಲೂಗಡ್ಡೆ ಉಳಿಸಿಕೊಂಡಿವೆ. ಇಡೀ ಆಂಡಿಸ್ ಪರ್ವತಗಳಲ್ಲಿ ಲೆಕ್ಕ ಹಾಕಿದರೆ 4,000 ದಾಟುತ್ತದಂತೆ. ಕಪ್ಪು, ನೇರಳೆ, ಕೆಂಪು, ಒಳಗೆ ಬಳೆ ಬಳೆ ಗೆರೆ ಇರುವುದು, ಬೆರಳುದ್ದದ್ದು, ಗಂಟುಗಂಟಾದದ್ದು. ಆ ಗಂಟಿನ ಆಲೂಗಡ್ಡೆಯನ್ನು ಮದುವೆಯಾಗುವ ಹುಡುಗಿಯ ಕೈಗೆ ಕೊಟ್ಟು ಸಿಪ್ಪೆ ತೆಗೆಯಲು ಹೇಳುತ್ತಿದ್ದರಂತೆ, ಜಾಣೆಯೋ ಅಲ್ಲವೋ ನೋಡಲು. ನನಗೆ ನಿನ್ನ ನೆನಪು ಬಂತು. ನೀನು ಸಿಪ್ಪೆ ತೆಗೆದರೆ ಆಲೂಗಡ್ಡೆಯಲ್ಲಿ ಉಳಿಯುವುದು ಅರ್ಧ!

ನಿನ್ನ ತಾತ ಹಾಸನದ ಹತ್ತಿರ ಆಲೂಗಡ್ಡೆ ಬೆಳೆಯುತ್ತಿದ್ದರು, ನಿನಗೆ ಗೊತ್ತಲ್ಲ. ನಾನು ಶಾಲೆಗೆ ಹೋಗುವಾಗ ಒಂದು ವರ್ಷ ಅಂಗಮಾರಿ ರೋಗ ಬಂತು. ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿದಿತ್ತು. ಹಸಿರಾಗಿದ್ದ ಹೊಲ ನೋಡನೋಡುತ್ತಾ ಕಪ್ಪಾಗಿ ಕೊಳೆತು ಹೋಯಿತು. ನಮ್ಮ ಹೊಲದ್ದು ಮಾತ್ರ ಅಲ್ಲ, ಅಕ್ಕಪಕ್ಕದವರದ್ದೂ ಹೋಯಿತು. ಎಲ್ಲರೂ ಬಿತ್ತಿದ್ದು ಒಂದೇ ತಳಿ. ಐರ್ಲೆಂಡಿನಲ್ಲಿ 1845ರಿಂದ ನಡೆದದ್ದೂ ಅದೇ. ಬಡವರೆಲ್ಲ ನಂಬಿಕೊಂಡಿದ್ದು ಒಂದೇ ಆಲೂಗಡ್ಡೆ, ಇದೇ ರೋಗ ಬಂತು, ಸುಮಾರು ಹತ್ತು ಲಕ್ಷ ಜನ ಸತ್ತರು. ಪಿಸಾಕ್‌ನ ರೈತರು ಒಂದೇ ಹೊಲದಲ್ಲಿ ಹತ್ತಾರು ತಳಿ ಬೆರೆಸಿ ನೆಡುತ್ತಾರೆ. ಒಂದು ಹಿಮ ತಡೆಯುತ್ತದೆ, ಇನ್ನೊಂದು ಬರ ತಡೆಯುತ್ತದೆ, ಮತ್ತೊಂದಕ್ಕೆ ರೋಗ ಅಂಟುವುದು ಕಡಿಮೆ. ಯಾವುದೋ ಒಂದು ಹೋದರೆ ಹೋಗಲಿ, ಮಿಕ್ಕಿದ್ದು ಮನೆಗೆ ಬರುತ್ತದೆ. ಬೆಟ್ಟದ ಕೆಳಗೊಂದು ತುಂಡು, ಮೇಲೊಂದು ತುಂಡು ಹೊಲ ಇಟ್ಟುಕೊಳ್ಳುವುದೂ ಅದಕ್ಕೇ. ಈಚೆಗೆ ಸೆಕೆ ಜಾಸ್ತಿಯಾಗಿ, ಮೊದಲಿಗಿಂತ ಇನ್ನೂ ಮೇಲಕ್ಕೆ ಹೋಗಿ ನೆಡಬೇಕಾಗಿದೆ ಅಂದರು. ಬೆಟ್ಟದ ತುದಿ ಮುಟ್ಟಿದಮೇಲೆ ಎಲ್ಲಿಗೆ ಹೋಗುವುದು ಅಂತ ಅವರಿಗೂ ಚಿಂತೆ.

ಲಿಮಾದಲ್ಲಿ 1971ರಿಂದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇದೆ. ಆಂಡಿಸ್‌ನ ಹಳ್ಳಿಗಳಿಂದ ಸಂಗ್ರಹಿಸಿದ ತಳಿಗಳನ್ನು ಅಲ್ಲಿ ಕಾಪಾಡುತ್ತಾರೆ. 2004ರಲ್ಲಿ ಆಲೂಗಡ್ಡೆ ಪಾರ್ಕಿನ ಹಳ್ಳಿಗಳವರು ಆ ಕೇಂದ್ರದ ಜೊತೆ ಒಪ್ಪಂದ ಮಾಡಿಕೊಂಡು, ತಮ್ಮಲ್ಲಿ ಕಳೆದುಹೋಗಿದ್ದ ತಳಿಗಳನ್ನು ರೋಗವಿಲ್ಲದ ಬಿತ್ತನೆಗಡ್ಡೆಯಾಗಿ ವಾಪಸು ತಂದುಕೊಂಡರು. ವಿಜ್ಞಾನಿಗಳು ರೈತರಿಗೆ ಪಾಠ ಹೇಳುವುದನ್ನು ನಾನು ತುಂಬ ನೋಡಿದ್ದೇನೆ. ರೈತರು ಹೋಗಿ "ನಮ್ಮದನ್ನು ನಮಗೆ ಕೊಡಿ" ಅಂದು ಇಸಿದುಕೊಂಡು ಬಂದದ್ದು ಕೇಳಿ ಖುಷಿಯಾಯಿತು.

ಊಟದ ಕಥೆ ಕೇಳು. ಕೊಯ್ಲಿನ ಕಾಲ ಇದು. ಹೊಲದಲ್ಲೇ ಒಣ ಮಣ್ಣುಹೆಂಟೆಗಳನ್ನು ಗುಮ್ಮಟದ ಹಾಗೆ ಜೋಡಿಸಿ, ಒಳಗೆ ಬೆಂಕಿ ಹಾಕಿದರು. ಹೆಂಟೆ ಕೆಂಪಗೆ ಕಾದಮೇಲೆ ಆಲೂಗಡ್ಡೆ ಒಳಗೆ ಹಾಕಿ, ಆ ಒಲೆಯನ್ನೇ ಅದರ ಮೇಲೆ ಕೆಡವಿ ಮುಚ್ಚಿದರು. ಇದಕ್ಕೆ ವಾತ್ಯ ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಮಣ್ಣು ಕೆದಕಿ ತೆಗೆದರೆ, ಸಿಪ್ಪೆ ಒಡೆದು ಹಿಟ್ಟು ಹಿಟ್ಟಾದ ಆಲೂಗಡ್ಡೆ. ಜೊತೆಗೆ ಚಟ್ನಿ. ಕಲ್ಲಿನ ಮೇಲೆ ಮೆಣಸಿನಕಾಯಿ, ವಾಕಾತಾಯ್ ಅನ್ನುವ ಸೊಪ್ಪು ಹಾಕಿ ಅರೆದದ್ದು. ಆ ಸೊಪ್ಪು ಚೆಂಡುಹೂವಿನ ಜಾತಿಯದಂತೆ, ಘಾಟು ವಾಸನೆ ಅದೇ. ಉಪ್ಪು ಮರಾಸ್ ಅನ್ನುವ ಊರಿನದು. ಬೆಟ್ಟದಿಂದ ಬರುವ ಉಪ್ಪುನೀರಿನ ಊಟೆಯನ್ನು ಸಾವಿರಾರು ಪುಟ್ಟ ಮಡಿಗಳಿಗೆ ಹರಿಸಿ ಅಲ್ಲಿನ ಮನೆಯವರೇ ಉಪ್ಪು ತೆಗೆಯುತ್ತಾರೆ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ. ಇಷ್ಟು ರುಚಿಯಾದ ಆಲೂಗಡ್ಡೆ ನಾನು ತಿಂದಿರಲಿಲ್ಲ. ನಮ್ಮ ಮಸಾಲೆ ದೋಸೆಯ ಪಲ್ಯಕ್ಕೂ, ಅದರ ಕೆಂಪು ಚಟ್ನಿಗೂ ಬೇಕಾದದ್ದು ಹಡಗು ಹತ್ತಿ ಬಂದದ್ದು ಈ ಖಂಡಗಳಿಂದಲೇ ಅಂತ ನಿನ್ನ ತಮ್ಮನಿಗೆ ಹೇಳುತ್ತಿದ್ದೆ. ಅವನು ಆಗ ರೊಕೋತೊ ಅನ್ನುವ ಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸುತ್ತಿದ್ದ. ನೋಡಲು ಟೊಮೇಟೊ, ಒಳಗೆ ಕಪ್ಪು ಬೀಜ, ಖಾರ ದೇವರಿಗೇ ಪ್ರೀತಿ.

ಚೂನ್ಯೊ ಅಂತ ಇನ್ನೊಂದಿದೆ. ಜೂನಿನ ರಾತ್ರಿಗಳಲ್ಲಿ ಆಲೂಗಡ್ಡೆಯನ್ನು ಬಯಲಲ್ಲಿ ಹರಡಿ ಹಿಮಕ್ಕೆ ಬಿಡುತ್ತಾರೆ. ಹಗಲು ಬಿಸಿಲಿಗೆ ಕರಗಿದಾಗ ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಹೀಗೇ ಕೆಲವು ದಿನ. ಒಣಗಿದಮೇಲೆ ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾಗಳ ಉಗ್ರಾಣಗಳಲ್ಲಿ ದಂಡಿಗೂ ಬರಗಾಲಕ್ಕೂ ಇದನ್ನು ತುಂಬಿಡುತ್ತಿದ್ದರು. ಬುದ್ಧಿವಂತಿಕೆ ದೊಡ್ಡದು, ರುಚಿ ಮಾತ್ರ ಸುಮಾರು. ಸಾರಿನಲ್ಲಿ ಬಂದದ್ದನ್ನು ನಾನು ಮೆಲ್ಲಗೆ ನಿಮ್ಮಪ್ಪನ ಬಟ್ಟಲಿಗೆ ಹಾಕಿದೆ.

ಸ್ಯಾನ್ ಪೆದ್ರೊ ಮಾರ್ಕೆಟ್ಟಿನಲ್ಲಿ ಕಡಲೆಕಾಯಿ ರಾಶಿ ನೋಡಿದೆ. ಅದೂ ದಕ್ಷಿಣ ಅಮೆರಿಕದ ಬೆಳೆಯೇ. ಉತ್ತರ ಪೆರುವಿನ ಸಿಪಾನ್‌ನಲ್ಲಿ 1987ರಲ್ಲಿ ಸುಮಾರು 1,700 ವರ್ಷ ಹಳೆಯ ದೊರೆಯೊಬ್ಬನ ಸಮಾಧಿ ಸಿಕ್ಕಿತು. ಅವನ ಕೊರಳಲ್ಲಿ ಕಡಲೆಕಾಯಿ ಸರ! ಒಂದು ಕಡೆ ಹತ್ತು ಚಿನ್ನದವು, ಇನ್ನೊಂದು ಕಡೆ ಹತ್ತು ಬೆಳ್ಳಿಯವು. ಅಷ್ಟು ದೂರ ಹೋಗಲು ನಮಗೆ ಆಗಲಿಲ್ಲ, ಚಿತ್ರ ನೋಡಿದೆ. ಪೆರುವಿನ ಚಿನ್ನದಲ್ಲಿ ನನಗೆ ಆಸೆ ಹುಟ್ಟಿಸಿದ್ದು ಅದೊಂದೇ. ಹಾಕಿಕೊಂಡು ಬಸವನಗುಡಿ ಪರಿಷೆಗೆ ಹೋಗಬಹುದಿತ್ತು, ಅಲ್ವಾ?

ಮಾಚು ಪಿಚು ಬಗ್ಗೆ ಹೆಚ್ಚು ಬರೆಯುವುದಿಲ್ಲ, ಫೋಟೊ ಸಾಕಷ್ಟು ಕಳಿಸಿದ್ದೇನೆ. ಒಂದು ಸಂಗತಿ ಮಾತ್ರ ಹೇಳುತ್ತೇನೆ. 1911ರಲ್ಲಿ ಅಮೆರಿಕದ ಹೈರಮ್ ಬಿಂಗಮ್ ಅದನ್ನು "ಕಂಡುಹಿಡಿದ" ಅನ್ನುತ್ತಾರೆ. ದಾರಿ ತೋರಿಸಿದವನು ಅಲ್ಲಿನ ರೈತ. ಮೇಲೆ ಹತ್ತಿ ಹೋದಾಗ ಅಲ್ಲಿ ರೈತ ಕುಟುಂಬಗಳು ಗುಡಿಸಲು ಹಾಕಿಕೊಂಡು, ಇಂಕಾಗಳ ಮೆಟ್ಟಿಲು ಹೊಲದಲ್ಲೇ ಬೆಳೆ ಬೆಳೆಯುತ್ತಿದ್ದವು. ಬಂದವನಿಗೆ ತಣ್ಣನೆಯ ನೀರು, ಬೇಯಿಸಿದ ಗೆಣಸು ಕೊಟ್ಟು ಉಪಚಾರ ಮಾಡಿದರು. ಗೆಣಸು ಕೊಟ್ಟವರ ಹೆಸರು ಯಾವ ಪಠ್ಯಪುಸ್ತಕದಲ್ಲಾದರೂ ಇದೆಯಾ, ನೀನೇ ಹುಡುಕು.

ಇದೇ 24ಕ್ಕೆ ಇಲ್ಲಿ ಇಂತಿ ರಾಯ್ಮಿ, ಸೂರ್ಯನ ಹಬ್ಬ. ಸ್ಪೇನಿನವರು ನಿಲ್ಲಿಸಿದ್ದನ್ನು 1944ರಲ್ಲಿ ಮತ್ತೆ ಶುರು ಮಾಡಿದರು. ಮಾತೆಲ್ಲ ಕೆಚುವಾದಲ್ಲೇ. ಶಾಲೆ ಮಕ್ಕಳು ಈಗಲೇ ಬೀದಿಯಲ್ಲಿ ಕುಣಿತದ ತಾಲೀಮು ಮಾಡುತ್ತಿದ್ದಾರೆ. ಸಕ್ಸಾಯ್ವಮಾನ್ ಕೋಟೆಯಲ್ಲಿ ಕೂತು ನೋಡುವ ಟಿಕೆಟ್ಟಿನ ಬೆಲೆ ಕೇಳಿ ನಿಮ್ಮಪ್ಪ ಮಾತೇ ಆಡಲಿಲ್ಲ. ಬೀದಿಯದ್ದೇ ಸಾಕು ನಮಗೆ.

ಇಲ್ಲಿನ ದೊಡ್ಡ ಚರ್ಚಿನಲ್ಲಿ ಮಾರ್ಕೋಸ್ ಸಪಾತಾ ಅನ್ನುವ ಕುಸ್ಕೊ ಕಲಾವಿದ ಬರೆದ ಏಸುವಿನ ಕೊನೆಯ ಊಟದ ಚಿತ್ರ ಇದೆ. 18ನೇ ಶತಮಾನದ್ದು. ಏಸುವಿನ ಮುಂದಿನ ತಟ್ಟೆಯಲ್ಲಿ ಏನಿದೆ ಅಂದುಕೊಂಡೆ? ಹುರಿದ ಕೂಯ್, ಅಂದರೆ ಗಿನಿಪಿಗ್! ಈ ಬೆಟ್ಟಗಳಲ್ಲಿ ಹಬ್ಬದ ಊಟ ಅಂದರೆ ಅದೇ. ದೇವರಿಗೂ ತಮ್ಮ ಮನೆಯ ಊಟವನ್ನೇ ಬಡಿಸಿದ್ದಾನೆ. ಚಿತ್ರ ನೋಡಿ ಬಂದ ಹುಮ್ಮಸ್ಸಿನಲ್ಲಿ ನಿಮ್ಮಪ್ಪ ಹೋಟೆಲಿನಲ್ಲಿ ಅದನ್ನೇ ತರಿಸಿದರು. ಹಲ್ಲು, ಕಿವಿ ಸಮೇತ ಇಡಿಯಾಗಿ ಬಂತು. ನಾನು ಕುರ್ಚಿ ತಿರುಗಿಸಿಕೊಂಡು ಕೂತೆ. ಗೆಣಸು, ಸಿಹಿಗುಂಬಳ ಬೆರೆಸಿ ಕರಿದು, ಮೇಲೆ ಬೆಲ್ಲದ ಪಾಕ ಸುರಿದ ಪಿಕರೋನೆಸ್ ತಿಂದು ಸಮಾಧಾನ ಮಾಡಿಕೊಂಡೆ.

ನಾಳೆ ಬೆಳಿಗ್ಗೆ ಪುನೊಗೆ ಬಸ್ಸು, ಟಿಟಿಕಾಕಾ ಸರೋವರದ ಕಡೆ. ಇಲ್ಲಿಗಿಂತ ಎತ್ತರ, ಇಲ್ಲಿಗಿಂತ ಚಳಿ. ಅಲ್ಲಿ ನೆಟ್‌ವರ್ಕ್ ಹೇಗಿರುತ್ತದೋ. ನಾನು ಎರಡು ದಿನ ಫೋನ್ ಮಾಡದಿದ್ದರೆ ಗಾಬರಿಯಾಗಬೇಡ. ಅಜ್ಜಿಗೆ ನೀನೇ ಮಾಡು. ಆಲೂಗಡ್ಡೆ ವಿಷಯ ಎಲ್ಲ ಹೇಳು, ಕೂಯ್ ವಿಷಯ ಮಾತ್ರ ಬಾಯಿ ಬಿಡಬೇಡ.

ಪ್ರೀತಿಯಿಂದ,
ಅಮ್ಮ