ರಾಪುಂಜೆಲ್ ಉಪಗ್ರಹದಲ್ಲಿದ್ದರೆ ಜಡೆ ನೆಲ ಮುಟ್ಟೀತೆ?

ಮಾನ್ಯರೇ,

ಹಳೆಯ ಕಿನ್ನರ ಕಥೆಗಳನ್ನು ವೈಜ್ಞಾನಿಕ ಕಥೆಗಳಾಗಿ ಮರುಬರೆಯುವ ಉತ್ಸಾಹ ಸಂತಸದ್ದೇ. ಆದರೆ ಮಂತ್ರದಂಡದ ಜಾಗಕ್ಕೆ ಲೇಸರ್ ತಂದಿಟ್ಟ ಮಾತ್ರಕ್ಕೆ ಕಥೆ ಹೊಸದಾಗದು. ಮಾಯೆ ಹೋದ ಕಡೆ ಅಷ್ಟೇ ಕಟ್ಟುನಿಟ್ಟಾದ ನಿಯಮವೊಂದು ಬರಬೇಕು.

ಗೋಪುರದಲ್ಲಿ ಸೆರೆಯಾಗಿ, ಮೇಲೇರಿ ಬರುವವರಿಗೆ ತನ್ನ ಉದ್ದ ಜಡೆಯನ್ನೇ ಇಳಿಬಿಡುವ ಕಥಾನಾಯಕಿ ರಾಪುಂಜೆಲ್‌ಳನ್ನೇ ನೋಡಿ. ಗೋಪುರದ ಬದಲು ಉಪಗ್ರಹ ಎನ್ನುವುದು ಸುಲಭ. 400 ಕಿ.ಮೀ. ಎತ್ತರದಲ್ಲಿ ಅದು ಸುಮಾರು 92 ನಿಮಿಷಕ್ಕೊಮ್ಮೆ ಭೂಮಿ ಸುತ್ತುತ್ತದೆ. ಇಳಿಬಿಟ್ಟ ಜಡೆ ಯಾರ ಕೈಗೂ ಸಿಗದು. ಸಮಭಾಜಕದ ಒಂದೇ ತಾಣದ ನೆತ್ತಿಯಲ್ಲಿ ನಿಲ್ಲಲು 35,786 ಕಿ.ಮೀ. ಏರಬೇಕು. ಜಡೆಯಿರಲಿ, ಅಷ್ಟುದ್ದದ ಹಗ್ಗ ಉಕ್ಕಿನದಾದರೂ ತನ್ನ ಭಾರಕ್ಕೇ ತುಂಡಾಗುತ್ತದೆ. ಈ ತೊಡಕನ್ನು ನಾಯಕಿಯೇ ಲೆಕ್ಕ ಹಾಕಿ ಬಿಡಿಸಲಿ: ಹಗ್ಗವನ್ನು ಮೇಲೆ ದಪ್ಪ, ಕೆಳಗೆ ಸಪೂರ ಮಾಡಲಿ, ಉಪಗ್ರಹದ ಆಚೆ ಬದಿಗೆ ಸಮತೋಲನಕ್ಕೆಂದು ಪ್ರತಿಭಾರ ಕಟ್ಟಲಿ. ಕಥೆಯ ಜೀವ ಇರುವುದೇ ಅಲ್ಲಿ.

ಎಷ್ಟೋ ಮರುಕಥನಗಳು ನಾಯಕಿಯ ಕೈಗೆ ಬಂದೂಕು ಕೊಟ್ಟು, ಕೊನೆಯ ನಿರ್ಧಾರವನ್ನು ರಾಜಕುಮಾರನಿಗೆ ಬಿಡುತ್ತವೆ. 1812ರ ಗ್ರಿಮ್ ಸೋದರರ ಸಂಗ್ರಹದಲ್ಲೇ ಗ್ರೇಟೆಲ್ ಏನೂ ತಿಳಿಯದವಳಂತೆ ನಟಿಸಿ ಮಾಟಗಾತಿಯನ್ನು ಒಲೆಗೆ ತಳ್ಳುತ್ತಾಳೆ, ಸೋದರನನ್ನು ಬಿಡಿಸುತ್ತಾಳೆ. ಅದಕ್ಕಿಂತ ಹಿಂದೆ ಹೋಗುವುದೇಕೆ?

ಪುರವಣಿಗೆ ಇಂಥ ಕಥೆಗಳನ್ನು ಆಹ್ವಾನಿಸುವಾಗ, ಮಾಯೆಯ ಬದಲಿ ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆದು ಕಳಿಸಲು ದಯವಿಟ್ಟು ಕೇಳಿ.

– ಓರ್ವ ಓದುಗ